ಯುದ್ಧಕಾಲದ ಅಂಗಡಿ ಬಿಲ್ಲೆಗಳು: ಅಮೆರಿಕದ ಅಂತರ್ಯುದ್ಧದ ಟೋಕನ್ ಸಂಗ್ರಹಿಸುವವರಿಗೆ ಸಮಗ್ರ ಮಾರ್ಗದರ್ಶಿ

1863ರಲ್ಲಿ ನ್ಯೂಯಾರ್ಕಿನ ಬ್ರೋಸ್ ಸಹೋದರರ ಅಂಗಡಿಯಲ್ಲಿ ಪೈ ಕೊಂಡವರಿಗೆ ಚಿಲ್ಲರೆ ಬದಲು ಸಿಗುತ್ತಿದ್ದದ್ದು ಆ ಅಂಗಡಿಯವರೇ ಮಾಡಿಸಿದ ತಾಮ್ರದ ಬಿಲ್ಲೆ. ಗಾತ್ರ ಸರ್ಕಾರದ ಒಂದು ಸೆಂಟ್ ನಾಣ್ಯದಷ್ಟೇ. ಮೇಲೆ ಅಂಗಡಿಯ ಹೆಸರು, ಊರು, ಕಸುಬು. ಆ ಬಿಲ್ಲೆ ಇವತ್ತಿಗೂ ಒಂದು ಒಳ್ಳೆಯ ಊಟದ ಖರ್ಚಿನಲ್ಲಿ ಸಿಗುತ್ತದೆ. ನೂರಅರವತ್ತು ವರ್ಷ ಹಳೆಯ ವಸ್ತು, ಮುಟ್ಟಿ ನೋಡಬಹುದು, ಮಾಡಿಸಿದವರ ಹೆಸರು ಗೊತ್ತು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಮಾಹಿತಿ ಕೊಡುವ ನಾಣ್ಯ ನನಗೆ ಬೇರೆ ಸಿಕ್ಕಿಲ್ಲ.

ಮೊದಲೇ ಒಂದು ಮಾತು. ಈ ಹವ್ಯಾಸದಲ್ಲಿ ಅಪರೂಪದ ಲೋಹ, ಹೊಳೆಯುವ ಪ್ರತಿ, ದೊಡ್ಡ ಗ್ರೇಡ್ (ಎಷ್ಟು ಚೆನ್ನಾಗಿ ಉಳಿದಿದೆ ಎಂಬುದರ ದರ್ಜೆ) ಅಂತ ಓಡುವವರು ಜಾಸ್ತಿ. ನಾನು ಹೇಳುವ ದಾರಿ ಬೇರೆ. ಗಲ್ಲಾಪೆಟ್ಟಿಗೆಯಿಂದ ಗಲ್ಲಾಪೆಟ್ಟಿಗೆಗೆ ಓಡಾಡಿ ಸವೆದ ಬಿಲ್ಲೆಯನ್ನು ಕೊಳ್ಳಿ, ಆಮೇಲೆ ಅದರ ಹಿಂದಿನ ಅಂಗಡಿಯವನನ್ನು ಹುಡುಕಿ. ಮುಂದೆ ಬರೆದಿರುವುದೆಲ್ಲ ಈ ದಾರಿಯಲ್ಲಿ ಹೋಗುವವರಿಗಾಗಿ.

ಚಿಲ್ಲರೆ ಹೋದದ್ದೆಲ್ಲಿಗೆ?

ಇದು ಗೊತ್ತಿಲ್ಲದೆ ಬಿಲ್ಲೆ ಕೊಂಡರೆ ಸುಮ್ನೆ ತಾಮ್ರ ಕೂಡಿಟ್ಟ ಹಾಗಾಗುತ್ತದೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧ 1861ರ ಏಪ್ರಿಲ್‌ನಲ್ಲಿ ಶುರುವಾಯಿತು. ಆ ವರ್ಷದ ಕೊನೆಯಲ್ಲಿ ಬ್ಯಾಂಕುಗಳು ನೋಟು ತಂದವರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದವು. 1862ರ ಫೆಬ್ರವರಿಯಲ್ಲಿ ಸರ್ಕಾರ ಚಿನ್ನ ಬೆಳ್ಳಿಯ ಬೆಂಬಲವಿಲ್ಲದ ಕಾಗದದ ನೋಟನ್ನು ಕಾನೂನಿನ ಹಣ ಮಾಡಿತು. ಯುದ್ಧ ಬೇಗ ಮುಗಿಯುವ ಲಕ್ಷಣ ಇರಲಿಲ್ಲ. ಹಾಗಾಗಿ ಕಾಗದದ ಬೆಲೆ ಇಳಿಯಿತು, ಲೋಹದ ಬೆಲೆ ಏರಿತು. ಮೊದಲು ಚಿನ್ನ ಮರೆಯಾಯಿತು. 1862ರ ಬೇಸಿಗೆಯಲ್ಲಿ ಬೆಳ್ಳಿಯ ಚಿಲ್ಲರೆಯೂ ಮಾಯವಾಯಿತು. ಅದರಲ್ಲಿ ಬಹಳಷ್ಟು ಗಡಿ ದಾಟಿ ಕೆನಡಾ ಸೇರಿತು. ಬೆಳ್ಳಿ ಹೋದ ಮೇಲೆ ಉಳಿದಿದ್ದ ಒಂದು ಸೆಂಟ್ ನಾಣ್ಯಕ್ಕೇ ಎಲ್ಲರೂ ಕೈ ಹಾಕಿದರು. ಅದರಲ್ಲಿ ಇದ್ದದ್ದು 88 ಪಾಲು ತಾಮ್ರ, 12 ಪಾಲು ನಿಕ್ಕಲ್. ಅಂಥ ನಾಣ್ಯವನ್ನೂ ಜನ ಚೀಲ ಕಟ್ಟಿ ಮನೆಯಲ್ಲಿಟ್ಟುಕೊಂಡರು.

ಈಗ ಅಂಗಡಿಯವನ ಪಾಡು ನೋಡಿ. ಒಂದು ಲೋಟ ಬಿಯರ್, ಒಂದು ಕ್ಷೌರ, ಒಂದು ಬ್ರೆಡ್, ಎಲ್ಲಕ್ಕೂ ಚಿಲ್ಲರೆ ಬೇಕು. 1862ರ ಜುಲೈನಲ್ಲಿ ಸರ್ಕಾರ ಅಂಚೆ ಚೀಟಿಯನ್ನೇ ಹಣವಾಗಿ ಬಳಸಲು ಒಪ್ಪಿತು. ಆದರೆ ಗೋಂದಿನ ಚೀಟಿ ಬೆವರಿನ ಕೈಯಲ್ಲಿ ಅಂಟಿ ಮುದ್ದೆಯಾಗುತ್ತಿತ್ತು. ಜಾನ್ ಗಾಲ್ಟ್ ಎಂಬಾತ ಚೀಟಿಯನ್ನು ಹಿತ್ತಾಳೆಯ ಚೌಕಟ್ಟಿನಲ್ಲಿಟ್ಟು ಮೇಲೆ ಅಭ್ರಕದ ತೆಳು ಹಾಳೆ ಮುಚ್ಚುವ ಉಪಾಯಕ್ಕೆ ಅದೇ ಆಗಸ್ಟ್‌ನಲ್ಲಿ ಪೇಟೆಂಟ್ ಪಡೆದ. ಅದೇ ತಿಂಗಳು ಸರ್ಕಾರದ ಸಣ್ಣ ಕಾಗದದ ಹಣವೂ ಬಂತು. ಆದರೆ ಅದು 5, 10, 25, 50 ಸೆಂಟ್‌ಗಳಲ್ಲಿ ಮಾತ್ರ. ಒಂದು ಸೆಂಟಿನ ಜಾಗ ಖಾಲಿಯೇ ಉಳಿಯಿತು. ಟಂಕಸಾಲೆ 1863ರಲ್ಲಿ ಸುಮಾರು 4.98 ಕೋಟಿ ಸೆಂಟ್ ಹೊಡೆದರೂ ಅವೆಲ್ಲ ಪೇಟೆಗೆ ಬಂದು ನಿಲ್ಲಲಿಲ್ಲ.

ಆ ಖಾಲಿ ಜಾಗವನ್ನು ತುಂಬಿದ್ದು ಖಾಸಗಿ ಬಿಲ್ಲೆ. 1862ರ ಕೊನೆಯ ಭಾಗದಲ್ಲಿ ಓಹಾಯೊ ರಾಜ್ಯದ ಸಿನ್ಸಿನಾಟಿ ಕಡೆ ಶುರುವಾಗಿ 1863ರಲ್ಲಿ ಉತ್ತರದ ಪೇಟೆಗಳಲ್ಲೆಲ್ಲ ಹರಡಿತು. ಒಟ್ಟು ಎರಡೂವರೆ ಕೋಟಿ ಅಥವಾ ಅದಕ್ಕೂ ಹೆಚ್ಚು ಬಿಲ್ಲೆಗಳು ಹೊರಬಂದವೆಂದು ಅಂದಾಜು. ಒಳಗಿನ ತಾಮ್ರದ ಬೆಲೆ ಒಂದು ಸೆಂಟ್‌ಗಿಂತ ತುಂಬ ಕಡಿಮೆ. ಅಂಗಡಿಯವನಿಗೆ ಚಿಲ್ಲರೆಯೂ ಆಯಿತು, ಜಾಹೀರಾತೂ ಆಯಿತು, ಮೇಲೆ ಒಂದಿಷ್ಟು ಲಾಭ ಬೇರೆ.

ಗ್ರಾಹಕರ ಕಥೆ? ಅದಕ್ಕೆ ಲಿಂಡೆನ್‌ಮ್ಯುಲರ್ ಪ್ರಸಂಗ ನೋಡಬೇಕು. ಗಸ್ಟೇವಸ್ ಲಿಂಡೆನ್‌ಮ್ಯುಲರ್ ನ್ಯೂಯಾರ್ಕಿನಲ್ಲಿ ಬಿಯರ್ ಅಂಗಡಿ ನಡೆಸುತ್ತಿದ್ದ. ಹತ್ತು ಲಕ್ಷಕ್ಕೂ ಹೆಚ್ಚು ಬಿಲ್ಲೆ ಬಿಟ್ಟ ಎಂಬ ಮಾತಿದೆ. ಥರ್ಡ್ ಅವೆನ್ಯೂ ರೈಲ್‌ರೋಡ್ ಎಂಬ ಟ್ರಾಮ್ ಕಂಪನಿ ಟಿಕೆಟ್ ದುಡ್ಡಾಗಿ ಅವನ್ನು ತೆಗೆದುಕೊಂಡು ರಾಶಿ ಮಾಡಿಕೊಂಡಿತ್ತು. ಬದಲಿಗೆ ನಿಜವಾದ ಹಣ ಕೊಡು ಅಂತ ಕೇಳಿದಾಗ ಆತ ಕೊಡಲಿಲ್ಲ. ಕಂಪನಿಗೆ ಬೇರೆ ದಾರಿ ಇರಲಿಲ್ಲ. ಈ ಒಂದು ಜಗಳದಿಂದಲೇ ಕಾನೂನು ಬಂತು ಎಂದು ಹೇಳುವವರಿದ್ದಾರೆ. ಅದು ಜಾಸ್ತಿಯಾಯಿತು ಅಂತ ನನ್ನ ಅನಿಸಿಕೆ. ಟಂಕಸಾಲೆಯ ನಿರ್ದೇಶಕ ಜೇಮ್ಸ್ ಪೊಲಾಕ್ ತೆಳುವಾದ ಕಂಚಿನ ಸೆಂಟ್ ಬೇಕೆಂದು ಆಗಲೇ ಒತ್ತಾಯಿಸುತ್ತಿದ್ದರು. ನಿಕ್ಕಲ್ ಗಣಿಯ ಒಡೆಯ ಜೋಸೆಫ್ ವಾರ್ಟನ್ ಅದಕ್ಕೆ ಅಡ್ಡ ನಿಂತಿದ್ದರು. ತೆಳು ತಾಮ್ರದ ಬಿಲ್ಲೆಯನ್ನು ಜನ ತಕರಾರಿಲ್ಲದೆ ತೆಗೆದುಕೊಂಡದ್ದೇ ಪೊಲಾಕ್ ಪರವಾದ ವಾದವಾಯಿತು. 1864ರ ಏಪ್ರಿಲ್ 22ರ ಕಾನೂನು ಕಂಚಿನ ಸೆಂಟ್ ತಂದಿತು. ತೂಕ 4.67 ಗ್ರಾಂನಿಂದ 3.11 ಗ್ರಾಂಗೆ ಇಳಿಯಿತು. ಖಾಸಗಿ ಒಂದು ಮತ್ತು ಎರಡು ಸೆಂಟ್ ಬಿಲ್ಲೆಗಳನ್ನು ಅದೇ ಕಾನೂನು ನಿಷೇಧಿಸಿತು. ಜೂನ್ 8ರ ಇನ್ನೊಂದು ಕಾನೂನು ಎಲ್ಲ ಖಾಸಗಿ ನಾಣ್ಯಕ್ಕೂ ಬಾಗಿಲು ಹಾಕಿತು.

ಹೆಜ್ಜೆ 1: ಮೂರು ಬಗೆಗಳನ್ನು ಗುರುತಿಸಲು ಕಲಿಯಿರಿ

ಅಂಗಡಿ ಟೋಕನ್. ಇಂಗ್ಲಿಷ್‌ನಲ್ಲಿ ಇದನ್ನು ಸ್ಟೋರ್ ಕಾರ್ಡ್ ಅನ್ನುತ್ತಾರೆ. ಒಂದು ಬದಿ ವ್ಯಾಪಾರಿಯ ಹೆಸರು, ಕಸುಬು, ಊರು, ಕೆಲವೊಮ್ಮೆ ಬೀದಿ ಮತ್ತು ಮನೆ ನಂಬರ್. ಇನ್ನೊಂದು ಬದಿ ಚಿತ್ರ. ಔಷಧಿ ಅಂಗಡಿಗೆ ಕುಟ್ಟಾಣಿ, ಚಮ್ಮಾರನಿಗೆ ಬೂಟು, ಕಟುಕನಿಗೆ ಎತ್ತಿನ ತಲೆ. ಓಹಾಯೊದ ಬಿಲ್ಲೆಗಳು ಎಲ್ಲಕ್ಕಿಂತ ಹೆಚ್ಚು. ನ್ಯೂಯಾರ್ಕ್, ಮಿಷಿಗನ್, ಇಂಡಿಯಾನಾ, ವಿಸ್ಕಾನ್ಸಿನ್, ಇಲಿನಾಯ್ ಕೂಡ ಧಾರಾಳ. ದಕ್ಷಿಣದ ರಾಜ್ಯಗಳದ್ದು ಬೆರಳೆಣಿಕೆ.

ದೇಶಭಕ್ತಿ ಟೋಕನ್. ಇದರಲ್ಲಿ ಯಾರ ಹೆಸರೂ ಇಲ್ಲ. ಬಾವುಟ, ಫಿರಂಗಿ, ಹದ್ದು, ಲಿಬರ್ಟಿಯ ತಲೆ, 'ಆರ್ಮಿ ಅಂಡ್ ನೇವಿ', 'ಅವರ್ ಲಿಟಲ್ ಮಾನಿಟರ್' (ಮಾನಿಟರ್ ಅಂದರೆ ಕಬ್ಬಿಣದ ಹೊದಿಕೆಯ ಯುದ್ಧನೌಕೆ) ಇಂಥವು. ಒಂದು ಪ್ರಸಿದ್ಧ ಅಚ್ಚಿನಲ್ಲಿ ಜಾನ್ ಡಿಕ್ಸ್ ಮಾತು ಇದೆ. 1861ರ ಜನವರಿಯಲ್ಲಿ ಖಜಾನೆ ಕಾರ್ಯದರ್ಶಿಯಾಗಿದ್ದ ಡಿಕ್ಸ್, ಅಮೆರಿಕದ ಬಾವುಟ ಕೆಳಗಿಳಿಸಲು ಯಾರೇ ಬಂದರೂ ಅಲ್ಲೇ ಗುಂಡು ಹೊಡೆಯಿರಿ ಎಂದು ತಂತಿ ಕಳಿಸಿದ್ದರು. ಒಂದು ಅಚ್ಚಿನಲ್ಲಿ ಅಚ್ಚುಗಾರ 'ಸ್ಪಾಟ್' ಪದವನ್ನು ತಪ್ಪಾಗಿ 'ಸ್ಪೂಟ್' ಅಂತ ಕೊರೆದುಬಿಟ್ಟಿದ್ದಾನೆ. ಹೊಸಬರು ಆಸೆಪಟ್ಟು ಹುಡುಕುವ ಬಿಲ್ಲೆ ಇದು.

ಸಟ್ಲರ್ ಟೋಕನ್. ಸೈನ್ಯದ ತುಕಡಿಯ ಜೊತೆ ಗಾಡಿ ಕಟ್ಟಿಕೊಂಡು ಹೋಗಿ ತಂಬಾಕು, ಬಿಸ್ಕತ್ತು, ಸೋಪು ಮಾರುತ್ತಿದ್ದ ಖಾಸಗಿ ವ್ಯಾಪಾರಿಗಳು ಸಟ್ಲರ್‌ಗಳು. ಸಂಬಳ ಬರುವ ತನಕ ಸೈನಿಕರಿಗೆ ಸಾಲ ಕೊಟ್ಟು, ತಮ್ಮ ಅಂಗಡಿಯಲ್ಲೇ ನಡೆಯುವ ಬಿಲ್ಲೆ ಕೊಡುತ್ತಿದ್ದರು. ತುಕಡಿಯ ನಂಬರ್ ಇರುವುದರಿಂದ ಯುದ್ಧದ ಇತಿಹಾಸ ಓದುವವರಿಗೆ ಇದು ಬಹಳ ಇಷ್ಟ. ಅಪರೂಪ, ದುಬಾರಿ, ನಕಲಿಯೂ ಹೆಚ್ಚು. ಮೊದಲ ವರ್ಷ ಇದರ ಹತ್ತಿರ ಹೋಗಬೇಡಿ.

ಅಂದಹಾಗೆ, ಕೆಲವು ಬಿಲ್ಲೆಗಳ ಮೇಲೆ 'ಒನ್ ಸೆಂಟ್' ಅಂತ ದೊಡ್ಡದಾಗಿ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅದರ ಮೇಲೆ ಸಣ್ಣ ಅಕ್ಷರದಲ್ಲಿ 'ನಾಟ್' ಅಂತ ಇರುತ್ತದೆ. ಖೋಟಾ ನಾಣ್ಯದ ಆರೋಪ ತಪ್ಪಿಸಿಕೊಳ್ಳುವ ಜಾಣತನ ಅದು.

ಹೆಜ್ಜೆ 2: ಒಂದು ದಾರಿ ಆರಿಸಿಕೊಳ್ಳಿ

ಎಲ್ಲವನ್ನೂ ಕೂಡಿಸುತ್ತೇನೆ ಅಂದರೆ ಆಗದ ಮಾತು. ಸಾವಿರಾರು ಬಗೆಗಳಿವೆ. ಒಂದು ಊರು ಹಿಡಿಯಬಹುದು. ಒಂದು ಕಸುಬು ಹಿಡಿಯಬಹುದು, ಬರೀ ಔಷಧಿ ಅಂಗಡಿ ಅಥವಾ ಬರೀ ಗಡಿಯಾರ ರಿಪೇರಿ ಅಂತ. ಒಬ್ಬ ಅಚ್ಚುಗಾರನನ್ನೂ ಹಿಡಿಯಬಹುದು. ನನಗೆ ಇಷ್ಟವಾದದ್ದು ಈ ಕೊನೆಯದು. ಯಾಕೆಂದರೆ ಬಿಲ್ಲೆಗಳನ್ನು ಹೊಡೆದವರು ಕೆಲವೇ ಜನ. ಸಿನ್ಸಿನಾಟಿಯಲ್ಲಿ ವಿಲಿಯಂ ಲ್ಯಾನ್‌ಫಿಯರ್, ಜಾನ್ ಸ್ಟಾಂಟನ್, ಜೇಮ್ಸ್ ಮರ್ಡಾಕ್. ನ್ಯೂಯಾರ್ಕಿನಲ್ಲಿ ಎಮಿಲ್ ಸೀಗಲ್, ಲೂಯಿ ರೋಲೋಫ್. ಚಿಕಾಗೊದಲ್ಲಿ ಚೈಲ್ಡ್ಸ್. ಮಿಲ್ವಾಕಿಯಲ್ಲಿ ಮಾಸಿನ್ ಮತ್ತು ಮಾರ್. ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿ ಸ್ಕೋವಿಲ್ ಕಾರ್ಖಾನೆ. ಇಂಡಿಯಾನಾದ ಮಿಶವಾಕದಲ್ಲಿ ಹೆನ್ರಿ ಹಿಗ್ಗಿನ್ಸ್. ಈ ಹಿಗ್ಗಿನ್ಸ್ ಮೂಲತಃ ವಾಯುಭಾರಮಾಪಕ ಮಾಡುತ್ತಿದ್ದವನು. ಅವನ ಅಕ್ಷರಗಳು ಸೊಟ್ಟಪಟ್ಟ, ಕೆತ್ತನೆ ಒರಟು. ಒಂದೆರಡು ನೋಡಿದರೆ ಸಾಕು, ಮೂರನೆಯದನ್ನು ಹೆಸರು ಓದದೆಯೇ ಗುರುತಿಸುತ್ತೀರಿ.

ಈ ಅಚ್ಚುಗಾರರ ವ್ಯವಹಾರ ತಿಳಿದರೆ ಮುಂದಿನದೆಲ್ಲ ಸುಲಭ. ಅವರು ಹಿಂಬದಿಯ ಚಿತ್ರದ ಅಚ್ಚುಗಳನ್ನು ಮೊದಲೇ ಮಾಡಿಟ್ಟಿರುತ್ತಿದ್ದರು. ವ್ಯಾಪಾರಿ ಬಂದು ತನ್ನ ಹೆಸರಿನ ಒಂದು ಅಚ್ಚು ಮಾಡಿಸಿದರೆ ಸಾಕು. ಅದನ್ನು ತಯಾರಿದ್ದ ಹಿಂಬದಿಯ ಜೊತೆ ಸೇರಿಸಿ ಹೊಡೆದುಕೊಡುತ್ತಿದ್ದರು. ಆದ್ದರಿಂದ ಒಂದೇ ಬೂಟು, ಒಂದೇ ಹದ್ದು ಹತ್ತಾರು ಊರಿನ ಬಿಲ್ಲೆಗಳಲ್ಲಿ ಕಾಣುತ್ತದೆ. ಅಚ್ಚು ಸೀಳುತ್ತಾ ಬಂದದ್ದನ್ನು ಗಮನಿಸಿದರೆ ಯಾವ ಅಂಗಡಿಯ ಆರ್ಡರ್ ಮೊದಲು, ಯಾವುದು ನಂತರ ಅಂತಲೂ ಹೇಳಬಹುದು.

ಡೆಟ್ರಾಯಿಟ್, ಚಿಕಾಗೊ, ಸಿನ್ಸಿನಾಟಿ ಕಡೆ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡಿಗರು ಬಹಳ. ನೀವು ಅವರಲ್ಲಿ ಒಬ್ಬರಾದರೆ ಬೇರೆ ಯೋಚನೆಯೇ ಬೇಡ. ನೀವಿರುವ ಊರಿನ ಬಿಲ್ಲೆಗಳನ್ನೇ ಹಿಡಿಯಿರಿ. ಗ್ರಂಥಾಲಯ ಪಕ್ಕದಲ್ಲೇ ಇರುತ್ತದೆ, ಬೀದಿಯಲ್ಲಿ ನಡೆದೂ ನೋಡಬಹುದು.

ಹೆಜ್ಜೆ 3: ಮೇಜಿನ ಮೇಲೆ ಇರಬೇಕಾದದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. 0.01 ಗ್ರಾಂ ತನಕ ತೋರಿಸುವ ಸಣ್ಣ ತಕ್ಕಡಿ. ವರ್ನಿಯರ್ ಕ್ಯಾಲಿಪರ್. ಒಂದು ಅಯಸ್ಕಾಂತ. ಬೇಕಾದ ಕೋನಕ್ಕೆ ಬಗ್ಗಿಸಬಹುದಾದ ಟೇಬಲ್ ಲ್ಯಾಂಪ್. ಮೃದು ಬಟ್ಟೆ ಹಾಸಿದ ಒಂದು ತಟ್ಟೆ, ಬಿಲ್ಲೆ ಜಾರಿ ಬೀಳದ ಹಾಗೆ. ಇಷ್ಟೇ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಹೆಜ್ಜೆ 4: ಫುಲ್ಡ್ ಸಂಖ್ಯೆ ಓದಲು ಕಲಿಯಿರಿ

ಮಾರಾಟದ ಪಟ್ಟಿಗಳೆಲ್ಲ ಜಾರ್ಜ್ ಫುಲ್ಡ್ ಮತ್ತು ಅವರ ತಂದೆ ಮೆಲ್ವಿನ್ ಫುಲ್ಡ್ ಮಾಡಿದ ಸಂಖ್ಯಾ ಪದ್ಧತಿಯಲ್ಲೇ ಇರುತ್ತವೆ. ಇದು ಗೊತ್ತಿಲ್ಲದಿದ್ದರೆ ಮಾರುವವನು ಹೇಳಿದ್ದೇ ವೇದವಾಕ್ಯ.

ದೇಶಭಕ್ತಿ ಟೋಕನ್‌ಗೆ ಎರಡು ಸಂಖ್ಯೆ, ಒಂದು ಅಕ್ಷರ. ಉದಾಹರಣೆಗೆ 11/298 ಎ. ಅಂದರೆ ಮುಂಬದಿಯ ಅಚ್ಚು 11, ಹಿಂಬದಿಯ ಅಚ್ಚು 298. ಕೊನೆಯ ಅಕ್ಷರ ಲೋಹ. ಎ ಅಂದರೆ ತಾಮ್ರ, ಬಿ ಹಿತ್ತಾಳೆ, ಡಿ ತಾಮ್ರ-ನಿಕ್ಕಲ್, ಇ ಬಿಳಿ ಲೋಹ (ತವರ ಹೆಚ್ಚಿರುವ ಮಿಶ್ರಲೋಹ), ಎಫ್ ಬೆಳ್ಳಿ.

ಅಂಗಡಿ ಟೋಕನ್‌ಗೆ ಮೊದಲು ರಾಜ್ಯದ ಎರಡಕ್ಷರ, ಆಮೇಲೆ ಊರಿನ ಸಂಖ್ಯೆ, ವ್ಯಾಪಾರಿಯ ಅಕ್ಷರ, ಅವನ ಬಿಲ್ಲೆಗಳಲ್ಲಿ ಎಷ್ಟನೆಯದು ಎಂಬ ಅಂಕಿ, ಕೊನೆಗೆ ಲೋಹ. ಎನ್‌ವೈ 630 ಅಂದರೆ ನ್ಯೂಯಾರ್ಕ್ ನಗರ. ಓಎಚ್ 165 ಅಂದರೆ ಸಿನ್ಸಿನಾಟಿ. ಈ ಎರಡನ್ನು ಮೊದಲ ವಾರದಲ್ಲೇ ಬಾಯಿಪಾಠ ಮಾಡಿಕೊಳ್ಳುತ್ತೀರಿ, ಅಷ್ಟು ಸಲ ಎದುರಾಗುತ್ತವೆ.

ಅಪರೂಪದ ಅಳತೆ ಆರ್1ರಿಂದ ಆರ್10. ಉಳಿದಿರುವುದು 5,000ಕ್ಕೂ ಹೆಚ್ಚಾದರೆ ಆರ್1. ಆರ್2 ಅಂದರೆ 2,000ದಿಂದ 5,000. ಆರ್3 ಅಂದರೆ 500ರಿಂದ 2,000. ಆರ್4 ಅಂದರೆ 200ರಿಂದ 500. ಆರ್5 ಅಂದರೆ 75ರಿಂದ 200. ಆರ್6 ಅಂದರೆ 20ರಿಂದ 75. ಆರ್7 ಅಂದರೆ 10ರಿಂದ 20. ಆರ್8 ಅಂದರೆ 5ರಿಂದ 10. ಆರ್9 ಅಂದರೆ ಎರಡರಿಂದ ನಾಲ್ಕು. ಆರ್10 ಒಂದೇ ಒಂದು.

ಇಲ್ಲಿ ಒಂದು ಗುಟ್ಟಿದೆ. ಮಾರುವವರು ಆರ್9 ಅಂತ ದಪ್ಪಕ್ಷರದಲ್ಲಿ ಬರೆಯುತ್ತಾರೆ. ಆ ಸಂಖ್ಯೆ ಹೇಳುವುದು ಆ ಎರಡು ಅಚ್ಚು ಮತ್ತು ಆ ಲೋಹದ ಜೋಡಿ ಎಷ್ಟು ಉಳಿದಿದೆ ಅಂತ ಮಾತ್ರ. ಅದೇ ವ್ಯಾಪಾರಿಯ ಇನ್ನೊಂದು ಜೋಡಿ ಸಾವಿರಗಟ್ಟಲೆ ಇರಬಹುದು. ಇನ್ನೊಂದು ಕಡೆ, ಇಡೀ ಊರಿಗೆ ಒಬ್ಬನೇ ವ್ಯಾಪಾರಿ, ಅವನದು ಒಂದೇ ಬಗೆ, ಆರ್6. ಆ ಊರಿನ ಬಿಲ್ಲೆ ಬೇಕು ಅನ್ನುವವರಿಗೆ ಬೇರೆ ದಾರಿಯೇ ಇಲ್ಲ. ಹೀಗಾಗಿ ಆರ್6 ಬಿಲ್ಲೆ ಆರ್9ಕ್ಕಿಂತ ದುಬಾರಿ ಆಗುವುದು ಮಾಮೂಲಿ. ಸಂಖ್ಯೆ ನೋಡಿ ಹೌಹಾರಬೇಡಿ. ಈ ಬಿಲ್ಲೆಗೆ ಬದಲಿ ಇದೆಯಾ ಅಂತ ಕೇಳಿಕೊಳ್ಳಿ.

ಬೆಳ್ಳಿ, ಬಿಳಿ ಲೋಹ, ತಾಮ್ರ-ನಿಕ್ಕಲ್ ಬಿಲ್ಲೆಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಬಹುಪಾಲು ಅಂದಿನ ಸಂಗ್ರಾಹಕರಿಗಾಗಿಯೇ ಹೊಡೆದವು. ಕೆಲವನ್ನು ನಿಜವಾದ ಬೆಳ್ಳಿಯ ಡೈಮ್ (ಹತ್ತು ಸೆಂಟ್) ಅಥವಾ ಸೆಂಟ್ ನಾಣ್ಯದ ಮೇಲೆಯೇ ಹೊಡೆದಿದ್ದಾರೆ, ಹಳೆಯ ಅಕ್ಷರ ಮಸುಕಾಗಿ ಇಣುಕುತ್ತದೆ. ನೋಡಲು ಚೆಂದ. ಆದರೆ ಚಿಲ್ಲರೆಯ ಬರ ನೀಗಿಸಲು ಬೆಳ್ಳಿಯ ಬಿಲ್ಲೆ ಯಾರು ಬಿಡುತ್ತಾರೆ ಹೇಳಿ? ಇವು ಯಾವ ಗಲ್ಲಾಪೆಟ್ಟಿಗೆಯನ್ನೂ ಕಂಡಿಲ್ಲ. ದುಡ್ಡು ಇದ್ದವರು ಕೊಳ್ಳಲಿ, ನನಗೆ ಸವೆದ ತಾಮ್ರವೇ ಸಾಕು.

ಹೆಜ್ಜೆ 5: ಬಿಲ್ಲೆ ಕೈಗೆ ಬಂದಾಗ

ಅಂಚನ್ನು ಹಿಡಿಯಿರಿ, ಮುಖವನ್ನು ಮುಟ್ಟಬೇಡಿ. ಅಗಲ ಅಳೆಯಿರಿ. ಸುಮಾರು 19 ಮಿಲಿಮೀಟರ್ ಇರಬೇಕು, ಅಂಗಡಿ ಟೋಕನ್‌ಗಳಲ್ಲಿ ಕೆಲವು ಇನ್ನೂ ದೊಡ್ಡವು. ತೂಗಿ ಬರೆದಿಡಿ. ಸರ್ಕಾರದ ನಾಣ್ಯದ ಹಾಗೆ ಇಲ್ಲಿ ಒಂದೇ ತೂಕ ಇರುವುದಿಲ್ಲ, ತಗಡಿನ ದಪ್ಪ ಬದಲಾಗುತ್ತಿತ್ತು.

ಆಮೇಲೆ ಲೋಹ. ಕಪ್ಪಾದ ಹಿತ್ತಾಳೆ ಥೇಟ್ ತಾಮ್ರದಂತೆ ಕಾಣುತ್ತದೆ. ಉಬ್ಬಿದ ಜಾಗ ಸವೆದಲ್ಲಿ ಅಥವಾ ಅಂಚಿನಲ್ಲಿ ಲ್ಯಾಂಪ್ ಬೆಳಕು ಬಿಟ್ಟು ನೋಡಿ. ಹಳದಿ ಇಣುಕಿದರೆ ಹಿತ್ತಾಳೆ. ಗೆರೆ ಎಳೆದು, ಉಜ್ಜಿ ಪರೀಕ್ಷಿಸುವ ಕೆಲಸ ಬೇಡವೇ ಬೇಡ. ದುಬಾರಿ ಬಿಲ್ಲೆಯಾದರೆ ಎಕ್ಸ್‌-ರೇ ಯಂತ್ರದಲ್ಲಿ ಲೋಹ ನೋಡುವ ವ್ಯವಸ್ಥೆ ದೊಡ್ಡ ಚಿನ್ನದ ಅಂಗಡಿಗಳಲ್ಲೂ ಇದೆ, ಬಿಲ್ಲೆಗೆ ಏನೂ ಆಗುವುದಿಲ್ಲ.

ಈಗ ಬಿಲ್ಲೆಯನ್ನು ಮೇಲಿನಿಂದ ಕೆಳಕ್ಕೆ ತಿರುಗಿಸಿ. ಹಿಂಬದಿ ನೇರವಾಗಿ ನಿಂತಿದೆಯಾ, ತಲೆಕೆಳಗಾಗಿದೆಯಾ, ಓರೆಯಾಗಿದೆಯಾ? ಬರೆದಿಡಿ. ಅಂಚು ನುಣುಪೋ, ಗೀರುಗೀರೋ ಅದನ್ನೂ ಬರೆಯಿರಿ. ಬೆಳಕನ್ನು ಪಕ್ಕದಿಂದ ಬಿಟ್ಟು ಅಚ್ಚಿನ ಸೀಳು ಹುಡುಕಿ. ಅಕ್ಷರದಿಂದ ಅಂಚಿನ ಕಡೆಗೆ ಓಡುವ ಉಬ್ಬಿದ ಸಣ್ಣ ಗೆರೆ ಕಂಡರೆ ಅದೇ ಸೀಳು. ತಗ್ಗಾದ ಗೆರೆ ಆದರೆ ಅದು ಗಾಯ, ಬೆಲೆ ಇಳಿಸಬೇಕು.

ಓದಲು ಬಾರದ ಬರಹ ಕಂಡರೆ ಸವೆತ ಅಂತ ತಳ್ಳಿಹಾಕಬೇಡಿ. ನ್ಯೂಯಾರ್ಕಿನ ಫೀಲಿಕ್ಸ್ ಎಂಬ ಊಟದ ಮನೆಯ ಬಿಲ್ಲೆಯಲ್ಲಿ 'ಕೋಷರ್' ಎಂಬ ಪದ ಹೀಬ್ರೂ ಲಿಪಿಯಲ್ಲಿದೆ. ಯಹೂದಿ ಗಿರಾಕಿಗಳಿಗೆ ಇಲ್ಲಿ ಶಾಸ್ತ್ರಬದ್ಧ ಊಟ ಸಿಗುತ್ತದೆ ಅಂತ ಹೇಳುವ ಫಲಕ ಅದು. ಅಂಥ ಒಂದು ಬಿಲ್ಲೆ ಆ ಕಾಲದ ಪೇಟೆಯಲ್ಲಿ ಯಾರ್‍ಯಾರು ಓಡಾಡುತ್ತಿದ್ದರು ಎಂಬುದನ್ನು ಹೇಳಿಬಿಡುತ್ತದೆ.

ಹೆಜ್ಜೆ 6: ನಕಲಿ ಹಿಡಿಯುವುದು

ಸಾಮಾನ್ಯ ಬಿಲ್ಲೆಗಳಲ್ಲಿ ನಕಲಿಯ ಕಾಟ ಅಷ್ಟಿಲ್ಲ, ಮಾಡಿದವನಿಗೆ ಲಾಭ ಗಿಟ್ಟುವುದಿಲ್ಲ. ದುಬಾರಿಯಲ್ಲಿ ಎಚ್ಚರ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರದ ಅಂಚು ಮೆತ್ತಗೆ ಕರಗಿದಂತಿರುತ್ತದೆ. ಬಯಲು ಜಾಗದಲ್ಲಿ ಸಣ್ಣ ಗುಳ್ಳೆ, ತೂತು ಇರುತ್ತವೆ. ಅಂಚಿನ ಸುತ್ತ ಸೇರಿಕೆಯ ಗೆರೆ ಕಾಣಬಹುದು, ಅಥವಾ ಅದನ್ನು ಅರ ಹಾಕಿ ಉಜ್ಜಿದ ಗುರುತು. ನಿಜವಾದ ಬಿಲ್ಲೆ ಅಚ್ಚಿನ ಒತ್ತಡದಲ್ಲಿ ಹುಟ್ಟಿದ್ದು, ಅಕ್ಷರದ ಬುಡ ಚೂಪಾಗಿ ನಿಂತಿರುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಮಾತಾಡುವುದೇನಿಲ್ಲ, ವಾಪಸ್ ಕೊಡಿ.

ಅಮೆರಿಕದಲ್ಲಿ 1973ರ ಒಂದು ಕಾನೂನಿನ ಪ್ರಕಾರ ನಾಣ್ಯದ ಪ್ರತಿಕೃತಿಯ ಮೇಲೆ 'ಕಾಪಿ' ಎಂದು ಒತ್ತಿರಬೇಕು. ಅದಕ್ಕಿಂತ ಮುಂಚೆ ಮಾಡಿದ ಪ್ರತಿಕೃತಿಗಳ ಮೇಲೆ ಆ ಗುರುತು ಇರಲಿಕ್ಕಿಲ್ಲ. ಗಾಲ್ಟ್‌ನ ಅಂಚೆ ಚೀಟಿ ಚೌಕಟ್ಟುಗಳಲ್ಲಿ ಇನ್ನೊಂದು ಆಟ ಇದೆ. ಅಭ್ರಕ ಒಡೆದಿದ್ದರೆ ಹೊಸದು ಹಾಕಿ, ಒಳಗಿನ ಚೀಟಿ ಬದಲಿಸಿ ಮಾರುತ್ತಾರೆ. ಚೌಕಟ್ಟಿನ ಮಡಿಕೆ ತೆರೆದು ಮುಚ್ಚಿದ ಗುರುತು ಹುಡುಕಿ.

ಹೆಜ್ಜೆ 7: ಎಲ್ಲಿ ಕೊಳ್ಳಬೇಕು, ಎಷ್ಟಕ್ಕೆ?

1967ರಲ್ಲಿ ಶುರುವಾದ ಸಿವಿಲ್ ವಾರ್ ಟೋಕನ್ ಸೊಸೈಟಿ ಈ ವಿಷಯಕ್ಕೇ ಮೀಸಲಾದ ಸಂಘ. ಪತ್ರಿಕೆ ಇದೆ, ಸದಸ್ಯರ ಹರಾಜು ಇದೆ. ಮೊದಲ ಖರ್ಚು ಇದರ ಸದಸ್ಯತ್ವಕ್ಕೆ ಹಾಕಿ ಎಂಬುದು ನನ್ನ ಸಲಹೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್‌ನ ದೊಡ್ಡ ಮೇಳದಲ್ಲಿ ಬಿಲ್ಲೆಗಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಇಬೇಯಲ್ಲಿ ಕೊಳ್ಳುವುದಾದರೆ ಎರಡೂ ಬದಿಯ ಫೋಟೊ, ವಾಪಸಾತಿ ಸೌಲಭ್ಯ ಎರಡೂ ಇರಬೇಕು. ಆಸೆ ಹುಟ್ಟಿಸುವ ವಿವರಣೆಗಿಂತ ಈಗಾಗಲೇ ಮಾರಾಟವಾದ ಬೆಲೆಗಳ ಪಟ್ಟಿ ನೋಡಿ.

ಸವೆದ, ಸಾಮಾನ್ಯ ದೇಶಭಕ್ತಿ ಟೋಕನ್ ಹತ್ತಿಪ್ಪತ್ತು ಡಾಲರ್ ಆಸುಪಾಸು. ಸಿನ್ಸಿನಾಟಿ, ನ್ಯೂಯಾರ್ಕ್‌ನ ಸಾಮಾನ್ಯ ಅಂಗಡಿ ಟೋಕನ್ ಅದಕ್ಕಿಂತ ತುಸು ಮೇಲೆ. ಒಬ್ಬನೇ ವ್ಯಾಪಾರಿ ಇರುವ ಸಣ್ಣ ಊರಿನದು, ಸಟ್ಲರ್‌ನದು ನೂರಾರು ಡಾಲರ್‌ಗೆ ಏರುತ್ತದೆ. ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳು ಬಿಲ್ಲೆಗೆ ಗ್ರೇಡ್ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಡುತ್ತವೆ. ದುಬಾರಿ ಬಿಲ್ಲೆಗೆ ಅದು ಸರಿ. ಇಪ್ಪತ್ತು ಡಾಲರ್ ಬಿಲ್ಲೆಗೆ ಡಬ್ಬಿಯ ಖರ್ಚೇ ಜಾಸ್ತಿ. ಲೇಬಲ್ ಮೇಲಿನ ಫುಲ್ಡ್ ಸಂಖ್ಯೆಯನ್ನೂ ನೀವೇ ಒಮ್ಮೆ ತಾಳೆ ನೋಡಿ.

ಹೆಜ್ಜೆ 8: ಅಂಗಡಿಯವನನ್ನು ಹುಡುಕುವುದು

ಈಗ ನಿಜವಾದ ಮಜಾ ಶುರು. ನಿಮ್ಮ ಕೈಯಲ್ಲಿ ಒಂದು ಹೆಸರು, ಒಂದು ಕಸುಬು, ಒಂದು ಊರು ಇದೆ.

ಮೊದಲು ನಗರದ ಡೈರೆಕ್ಟರಿ. ಆಗಿನ ಪ್ರತಿ ದೊಡ್ಡ ಊರಿಗೂ ವರ್ಷಕ್ಕೊಂದು ಹೆಸರು-ವಿಳಾಸದ ಪುಸ್ತಕ ಬರುತ್ತಿತ್ತು. ನ್ಯೂಯಾರ್ಕಿಗೆ ಟ್ರೋ ಡೈರೆಕ್ಟರಿ, ಸಿನ್ಸಿನಾಟಿಗೆ ವಿಲಿಯಮ್ಸ್ ಡೈರೆಕ್ಟರಿ. ಇಂಥ ಹಳೆಯ ಡೈರೆಕ್ಟರಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಓದಲು ಸಿಗುತ್ತವೆ. ಬಿಲ್ಲೆಯ ವರ್ಷದ್ದನ್ನು ಮಾತ್ರ ನೋಡಿ ನಿಲ್ಲಬೇಡಿ. ಹಿಂದಿನ ಎರಡು, ಮುಂದಿನ ಎರಡು ವರ್ಷಗಳನ್ನೂ ತೆರೆಯಿರಿ. 1861ರಲ್ಲಿ ಕೂಲಿ, 1863ರಲ್ಲಿ ದಿನಸಿ ಅಂಗಡಿ, 1865ರಲ್ಲಿ ಹೆಂಡತಿಯ ಹೆಸರಿನ ಮುಂದೆ ವಿಧವೆ ಎಂಬ ಗುರುತು. ಇಂಥ ಕಥೆ ನಾಲ್ಕು ಸಾಲಿನಲ್ಲಿ ತೆರೆದುಕೊಳ್ಳಬಹುದು.

ಹೆಸರಿನ ಕಾಗುಣಿತ ಬದಲಾಗುತ್ತದೆ, ಜೋಪಾನ. ಸಿನ್ಸಿನಾಟಿಯ ವ್ಯಾಪಾರಿಗಳಲ್ಲಿ ಜರ್ಮನ್ ವಲಸಿಗರು ತುಂಬ. ಡೈರೆಕ್ಟರಿಯವನು ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾನೆ. ಶ್ಮಿಟ್ ಎಂಬುವನು ಸ್ಮಿತ್ ಆಗಿರಬಹುದು. ಹೆಸರಿನಿಂದ ಸಿಗದಿದ್ದರೆ ಕಸುಬಿನ ಪಟ್ಟಿಯಿಂದ ಹುಡುಕಿ, ಬೀದಿಯಿಂದ ತಾಳೆ ಹಾಕಿ.

ಎರಡನೆಯದು 1860ರ ಜನಗಣತಿ. ವಯಸ್ಸು, ಹುಟ್ಟಿದ ದೇಶ, ಮನೆಯಲ್ಲಿದ್ದವರು, ಆಸ್ತಿಯ ಬೆಲೆ ಎಲ್ಲ ಇದೆ. ಮೂರನೆಯದು ತೆರಿಗೆ ಪಟ್ಟಿ. ಯುದ್ಧದ ಖರ್ಚಿಗಾಗಿ 1862ರಲ್ಲಿ ಹೊಸ ತೆರಿಗೆ ಬಂತು. ವ್ಯಾಪಾರಿಗಳು ಲೈಸೆನ್ಸ್ ತೆಗೆಯಬೇಕಾಗಿತ್ತು, ಆ ಪಟ್ಟಿಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನಾಲ್ಕನೆಯದು ಪತ್ರಿಕೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಜಾಹೀರಾತು, ಬೆಂಕಿ ಅನಾಹುತ, ದಿವಾಳಿ ನೋಟಿಸು ಸಿಗುತ್ತವೆ. ಇನ್ನೂ ಆಳಕ್ಕೆ ಇಳಿಯುವವರಿಗೆ ಹಾರ್ವರ್ಡ್‌ನ ಬೇಕರ್ ಗ್ರಂಥಾಲಯದಲ್ಲಿ ಆರ್‌.ಜಿ. ಡನ್ ಕಂಪನಿಯ ಸಾಲ-ಯೋಗ್ಯತೆಯ ಕೈಬರಹದ ಲೆಡ್ಜರ್‌ಗಳಿವೆ. ಯಾರಿಗೆ ಸಾಲ ಕೊಡಬಹುದು, ಯಾರಿಗೆ ಬೇಡ ಅಂತ ಸ್ಥಳೀಯ ವರದಿಗಾರರು ಗುಟ್ಟಾಗಿ ಬರೆದು ಕಳಿಸಿದ ಟಿಪ್ಪಣಿಗಳು ಅವು.

ಜಾಗ ಹುಡುಕುವಾಗ ಬೀದಿ ನಂಬರ್ ನಂಬಿ ಹೊರಡಬೇಡಿ. ಚಿಕಾಗೊ 1909ರಲ್ಲಿ ಮನೆ ನಂಬರ್‌ಗಳನ್ನು ಹೊಸದಾಗಿ ಕೊಟ್ಟಿತು. 1871ರ ಮಹಾ ಬೆಂಕಿಯಲ್ಲಿ ಆ ಊರಿನ ನಡುಭಾಗವೇ ಸುಟ್ಟುಹೋಗಿತ್ತು. ಹಾಗಾಗಿ 1863ರ ಬಿಲ್ಲೆಯ ವಿಳಾಸವನ್ನು ಇಂದಿನ ಮ್ಯಾಪಿನಲ್ಲಿ ಹಾಕಿದರೆ ಬೇರೆಲ್ಲೋ ತೋರಿಸುತ್ತದೆ. ಹಳೆಯ ಮ್ಯಾಪು, ಅಡ್ಡರಸ್ತೆಯ ಹೆಸರು ಹಿಡಿದು ಲೆಕ್ಕ ಹಾಕಬೇಕು.

ಸಿಕ್ಕಿದ್ದನ್ನೆಲ್ಲ ಬಿಲ್ಲೆಗೊಂದು ಹಾಳೆಯಂತೆ ಬರೆದಿಡಿ. ಫುಲ್ಡ್ ಸಂಖ್ಯೆ, ಅಗಲ, ತೂಕ, ಅಚ್ಚಿನ ಕೋನ, ಯಾರಿಂದ ಯಾವಾಗ ಎಷ್ಟಕ್ಕೆ ಕೊಂಡಿರಿ, ಎರಡೂ ಬದಿಯ ಫೋಟೊ, ಅಂಗಡಿಯವನ ವಿವರ, ಆ ವಿವರ ಎಲ್ಲಿ ಸಿಕ್ಕಿತು. ನಾಳೆ ಮಾರುವಾಗ ಈ ಹಾಳೆಗೆ ಬಿಲ್ಲೆಯಷ್ಟೇ ಬೆಲೆ ಇದೆ ಅನ್ನುವಂಥ ಗಿರಾಕಿಗಳು ಸಿಗುತ್ತಾರೆ.

ಹೆಜ್ಜೆ 9: ಹುಣಸೆಹಣ್ಣು ದೂರ ಇಡಿ

ತಾಮ್ರ ಕಂಡ ಕೂಡಲೇ ನಮ್ಮ ಕೈ ಹುಣಸೆಹುಳಿ, ಪೀತಾಂಬರಿ ಪುಡಿ ಕಡೆ ಹೋಗುತ್ತದೆ. ಬೇಡ! ಒಂದು ಸಲ ತಿಕ್ಕಿದರೆ ನೂರೈವತ್ತು ವರ್ಷದ ಕಂದು ಬಣ್ಣ ಹೋಗಿ ಹಸಿ ಕೆಂಪು ಬರುತ್ತದೆ. ಬೆಲೆ ಅರ್ಧಕ್ಕಿಂತ ಕೆಳಗೆ ಬೀಳಬಹುದು, ಮತ್ತೆ ಏರುವುದಿಲ್ಲ. ಜಿಡ್ಡು, ಟೇಪಿನ ಅಂಟು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಗಾಜಿನ ಬಟ್ಟಲಲ್ಲಿ ಸ್ವಲ್ಪ ಹೊತ್ತು ಅದ್ದಿ, ಉಜ್ಜದೆ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಬೇರೆ ಏನೇನೋ ಸೇರಿರುತ್ತದೆ, ಅದು ಆಗುವುದಿಲ್ಲ. ಹಸಿರು ಕಿಲುಬು ಪುಡಿಪುಡಿಯಾಗಿ ಹರಡುತ್ತಿದ್ದರೆ ಆ ಬಿಲ್ಲೆಯನ್ನು ಉಳಿದವುಗಳಿಂದ ಬೇರೆ ಇಡಿ.

ಪಿವಿಸಿ ಇರುವ ಮೆತ್ತನೆಯ ಪ್ಲಾಸ್ಟಿಕ್ ಆಲ್ಬಂ ತಾಮ್ರದ ಶತ್ರು. ಕೆಲವು ವರ್ಷಕ್ಕೆ ಹಸಿರು ಲೋಳೆ ಬಿಡುತ್ತದೆ. ಮೈಲಾರ್ (ಪಾಲಿಯೆಸ್ಟರ್) ಹಾಳೆಯ ಚೌಕಗಳನ್ನೇ ಕೇಳಿ ಕೊಳ್ಳಿ. ಮಂಗಳೂರು, ಉಡುಪಿ, ಕಾರವಾರ ಕಡೆಯವರು ಮಳೆಗಾಲಕ್ಕೆ ಮುಂಚೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ತಯಾರಿ ಮಾಡಿಕೊಳ್ಳಬೇಕು. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಹೆಜ್ಜೆ 10: ಭಾರತಕ್ಕೆ ತರುವುದು, ಕಾನೂನು

ಅಂಚೆಯಲ್ಲಿ ತರಿಸುವಾಗ ಪೊಟ್ಟಣದ ಮೇಲೆ ನಿಜವಾದ ವಿವರ, ನಿಜವಾದ ಬೆಲೆ ಬರೆಯಲು ಮಾರುವವನಿಗೆ ಹೇಳಿ. ಉಡುಗೊರೆ ಅಂತ ಸುಳ್ಳು ಬರೆಸಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುವುದು ನೀವೇ. ಖರೀದಿಯ ಬಿಲ್, ದುಡ್ಡು ಕೊಟ್ಟ ದಾಖಲೆ ಜೋಪಾನ.

ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ನಮ್ಮ 1972ರ ಪುರಾವಸ್ತು ಕಾನೂನು ನೂರು ವರ್ಷಕ್ಕಿಂತ ಹಳೆಯ ನಾಣ್ಯ ಮುಂತಾದವನ್ನು ಪುರಾವಸ್ತು ಎಂದು ಲೆಕ್ಕ ಹಾಕುತ್ತದೆ. ಖಾಸಗಿ ವ್ಯಕ್ತಿ ಅಂಥದ್ದನ್ನು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಅಮೆರಿಕದಲ್ಲಿ ಕೊಂಡ ಬಿಲ್ಲೆಯನ್ನು ಊರಿಗೆ ತಂದು, ಮುಂದೊಂದು ದಿನ ಅಲ್ಲಿಯ ಹರಾಜಿಗೆ ಹಾಕೋಣ ಅಂದುಕೊಂಡಿದ್ದರೆ ಮೊದಲೇ ಪುರಾತತ್ವ ಇಲಾಖೆಯನ್ನು ವಿಚಾರಿಸಿ. ಅಲ್ಲೇ ನೆಲೆಸಿರುವವರು ಮಾರುವ ಉದ್ದೇಶದ ಬಿಲ್ಲೆಗಳನ್ನು ಅಲ್ಲೇ ಇಟ್ಟುಕೊಳ್ಳುವುದು ಜಾಣತನ.

ಭಾರತದಲ್ಲಿ ಇಂಥ ಬಿಲ್ಲೆ ಯಾಕೆ ಬರಲಿಲ್ಲ ಅಂತ ಕೇಳುವವರಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಇಲ್ಲೂ ಚಿಲ್ಲರೆಗೆ ಬರ ಬಂದಿತ್ತು. 1940ರಲ್ಲಿ ಒಂದು ರೂಪಾಯಿ ನೋಟು ಬಂತು, 1943ರಲ್ಲಿ ತಾಮ್ರ ಉಳಿಸಲು ತೂತಿನ ಕಾಸು ಬಂತು. ಆದರೆ ಹಣದ ಹಾಗೆ ನಡೆಯುವ ಲೋಹದ ಬಿಲ್ಲೆಯನ್ನು ಖಾಸಗಿಯವರು ಮಾಡುವುದನ್ನು ಬ್ರಿಟಿಷ್ ಸರ್ಕಾರ 1889ರ ಮೆಟಲ್ ಟೋಕನ್ಸ್ ಕಾಯ್ದೆಯಲ್ಲೇ ನಿಷೇಧಿಸಿತ್ತು. ಆ ಕಾಯ್ದೆ 2011ರ ನಾಣ್ಯ ಕಾಯ್ದೆ ಬರುವ ತನಕ ಜಾರಿಯಲ್ಲಿತ್ತು. ಯುದ್ಧದ ಆ ದಿನಗಳಲ್ಲಿ ಬಿಕಾನೇರ್, ಜುನಾಗಢ, ಮೋರ್ವಿಯಂಥ ಸಂಸ್ಥಾನಗಳು ರಟ್ಟಿನ ಸಣ್ಣ ಕ್ಯಾಶ್ ಕೂಪನ್ ಹೊರಡಿಸಿದವು. ಅವು ಅಂಗಡಿಯವರದ್ದಲ್ಲ, ದರಬಾರಿನವು. ಆದರೂ ಅಂತರ್ಯುದ್ಧದ ಬಿಲ್ಲೆಗಳ ಜೊತೆ ಇಟ್ಟು ನೋಡಲು ಒಳ್ಳೆಯ ಜೋಡಿ. ಬೆಂಗಳೂರಿನ ನಾಣ್ಯ ಮೇಳಗಳಲ್ಲಿ ಸಂಸ್ಥಾನದ ಕಾಗದ ಮಾರುವವರ ಬಳಿ ಕೇಳಿ ನೋಡಿ. ಕೊಳ್ಳುವ ಮುಂಚೆ ಕೂಪನ್ನನ್ನು ಬೆಳಕಿಗೆ ಹಿಡಿದು ಹಿಂಬದಿಯ ಮೊಹರು, ಮೂಲೆಗಳಿಗೆ ಹಚ್ಚಿದ ತೇಪೆ ಪರೀಕ್ಷಿಸಿ. ರಟ್ಟು ತೇವ ಹೀರುತ್ತದೆ, ಆದ್ದರಿಂದ ಅದನ್ನು ತಾಮ್ರದ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ.